ನಾಲ್ಕಿಂಚಿನ ಗೋಡೆ

ಮೊದಲ ಸಲ ಮನೆ ಕೊಳ್ಳುವವರು ಸಲಹೆ ಕೇಳಲು ಬಂದರೆ ನಾನು ಮೊದಲು ಬೈಯುತ್ತೇನೆ. ಟೈಲ್ಸ್ ನೋಡುತ್ತಾರೆ, ವಾಸ್ತು ನೋಡುತ್ತಾರೆ, ಬಾಗಿಲಿಗೆ ಯಾವ ಬಣ್ಣ ಎಂದು ಗಂಡ ಹೆಂಡತಿ ಜಗಳವನ್ನೂ ಆಡಿಕೊಂಡು ಬಂದಿರುತ್ತಾರೆ. ಪತ್ರ ಮಾತ್ರ ನೋಡಿರುವುದಿಲ್ಲ. ಇ-ಖಾತೆ ಆಗಿದೆಯೇ, ಸಾಲಸೋಲ ತೋರಿಸುವ ಇ.ಸಿ. ತೆಗೆಸಿದ್ದೀರಾ ಎಂದು ಕೇಳಿದರೆ, ಅದೆಲ್ಲ ಮಾರುವವರೇ ನೋಡಿಕೊಳ್ಳುತ್ತಾರಂತೆ. ಅವನೇಕೆ ನೋಡುತ್ತಾನೆ, ಅವನ ತಲೆ!

ನಾನೇನೂ ವಕೀಲಳಲ್ಲ. ಹೆಸರು ಲೋಕಮ್ಮ. ಶಿಕಾರಿಪುರದ ಹುಡುಗಿಯರ ಹಾಸ್ಟೆಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅಡುಗೆ ಮಾಡಿ ನಿವೃತ್ತಳಾದವಳು. ಗಂಡನೆಂಬುವನು ಮದುವೆಯಾದ ಮೂರನೇ ವರ್ಷ ಇನ್ನೊಬ್ಬಳ ಜೊತೆ ಹಾನಗಲ್ಲಿಗೆ ಹೋದ. ಅದರ ಬಗ್ಗೆ ನನಗೆ ಬೇಸರವಿಲ್ಲ. ಬೇಸರವಾದದ್ದು ನಿವೃತ್ತಿಯಾದ ಮೇಲೆ. ಎಂಬತ್ತು ಹುಡುಗಿಯರ ಗದ್ದಲದಲ್ಲಿ ಬದುಕಿದವಳಿಗೆ ಒಂದು ಬಾಡಿಗೆ ಕೋಣೆಯ ಮೌನ ತಡೆಯಲಾಗಲಿಲ್ಲ. ನಿವೃತ್ತಿಯ ಹಣದಲ್ಲಿ ಮನೆ ಕೊಳ್ಳೋಣ ಎಂದು ಹೊರಟೆ.

ಬ್ರೋಕರ್ ಚೌಡೇಶ್ ಆರು ಮನೆ ತೋರಿಸಿದ. ಏಳನೆಯದು ಎರಡು ಪೋರ್ಶನ್ನಿನದು, ಒಂದರಲ್ಲಿ ಇದ್ದುಕೊಂಡು ಇನ್ನೊಂದನ್ನು ಬಾಡಿಗೆಗೆ ಕೊಡಬಹುದಾದದ್ದು. ಪತ್ರ ಓದುವುದನ್ನು ಆ ಓಡಾಟದಲ್ಲೇ ಕಲಿತಿದ್ದೆ, ಇದರ ಪತ್ರಗಳೆಲ್ಲ ಸರಿಯಿದ್ದವು. ಚೌಡೇಶ್ ನಡುಗೋಡೆಗೆ ಬೆರಳಿನಿಂದ ಬಡಿದು ಮುಖ ಸಿಂಡರಿಸಿದ.

"ಬ್ಯಾಡ್ರೀ ಅಕ್ಕಾರೆ. ನಾಲ್ಕಿಂಚಿನ ಗೋಡಿ ಐತಿ. ಆ ಕಡೆ ಸೀನಿದ್ರೆ ಈ ಕಡೆ ಕೇಳಿಸ್ತೈತಿ. ಬಾಡಿಗೆದಾರರು ನಿಲ್ಲಂಗಿಲ್ಲ."

ಅಷ್ಟರಲ್ಲಿ ಆ ಕಡೆ ಆಗಿದ್ದ ಬಾಡಿಗೆಯವರು ಒಗ್ಗರಣೆ ಹಾಕಿದರು. ಸಾಸಿವೆ ಚಟಪಟ ಸಿಡಿಯುವುದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಇದೇ ಇರಲಿ ಎಂದೆ. ಅವನು ನನ್ನನ್ನು ದಡ್ಡಿ ಎಂದುಕೊಂಡ. ಅಂದುಕೊಳ್ಳಲಿ ಎಂದು ಬಿಟ್ಟೆ.

ಆಮೇಲೆ ಆ ಪೋರ್ಶನ್ನಿಗೆ ನಾಗಶ್ರೀ, ಪರಶುರಾಮ ಬಂದರು. ಅವಳು ಶಾಲೆಯ ಟೀಚರ್, ಅವನು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವರ ಮಿಕ್ಸಿ, ಅವರ ನಗು, ಅವರ ಜಗಳ ಎಲ್ಲ ನನ್ನ ಅಡುಗೆಮನೆಗೂ ಬರುತ್ತಿತ್ತು. ಜಗಳದಲ್ಲಿ ನ್ಯಾಯ ಯಾರ ಕಡೆಗಿದೆ ಎಂದು ನಾನು ಇಲ್ಲೇ ಕೂತು ತೀರ್ಮಾನಿಸುತ್ತಿದ್ದೆ. ಹೆಚ್ಚಾಗಿ ನಾಗಶ್ರೀಯ ಕಡೆಗೇ ಇರುತ್ತಿತ್ತು. ನಾನು ಗೋಡೆಗೆ ಎರಡು ಸಲ ಬಡಿದರೆ ಚಹಾ ಆಗಿದೆ ಎಂದರ್ಥ. ಅವಳು ಲೋಟ ಹಿಡಿದುಕೊಂಡೇ ಬರುತ್ತಿದ್ದಳು. ಹೀಗೆ ಆರು ವರ್ಷ ನಡೆಯಿತು. ಪ್ರತಿ ವರ್ಷ ಬಾಡಿಗೆ ಏರಿಸಿ, ಬಾಡಿಗೆದಾರರನ್ನು ಹಚ್ಚಿಕೊಳ್ಳಬೇಡಿ ಎಂದು ಚೌಡೇಶ್ ಹೇಳುತ್ತಲೇ ಇದ್ದ. ನಾನು ಏರಿಸಲೂ ಇಲ್ಲ, ಹಚ್ಚಿಕೊಳ್ಳದೆ ಇರಲೂ ಇಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ನಾಗಶ್ರೀ ಲೋಟದ ಜೊತೆ ಒಂದು ಫೈಲನ್ನೂ ಹಿಡಿದುಕೊಂಡು ಬಂದಳು.

"ಆಂಟಿ, ನಾವೂ ಒಂದು ಮನಿ ತಗೋಬೇಕಂತ ಮಾಡೇವಿ. ಪತ್ರ ನೀವೊಮ್ಮೆ ನೋಡ್ರಿ. ನೀವು ಹ್ಞೂಂ ಅಂದ್ರೆ ಮುಂದಿನ ಮಾತು."

ಅವರು ಹೋಗುವುದು ನನಗೆ ಬೇಕಿರಲಿಲ್ಲ. ಇದು ಸರಿಯಿಲ್ಲ, ಬಿಡಿ ಎಂದು ಒಂದು ಮಾತು ಅಂದಿದ್ದರೆ ಅವಳು ಅಲ್ಲಿಗೇ ಬಿಡುತ್ತಿದ್ದಳು. ಅಷ್ಟು ನಂಬಿಕೆ ನನ್ನ ಮೇಲೆ. ಕನ್ನಡಕ ಹಾಕಿಕೊಂಡು ಫೈಲು ತೆರೆದೆ.

ಮನೆ ಮಾಲತೇಶ್ ಎಂಬುವನದು. ತಂದೆ ಕಟ್ಟಿಸಿದ್ದು, ತಂದೆ ತೀರಿಕೊಂಡ ಮೇಲೆ ಖಾತೆ ಮಗನ ಹೆಸರಿಗೆ ಬಂದಿತ್ತು. ಇ.ಸಿ.ಯಲ್ಲಿ ಯಾವ ಸಾಲವೂ ಇರಲಿಲ್ಲ. ಎಲ್ಲರೂ ಅಲ್ಲಿಗೇ ಸಮಾಧಾನ ಮಾಡಿಕೊಂಡು ಮೋಸ ಹೋಗುತ್ತಾರೆ. ಮಾರುವವನಿಗೆ ಅಕ್ಕತಂಗಿಯರಿದ್ದಾರೆಯೇ ಎಂದು ಇ.ಸಿ. ಹೇಳುವುದಿಲ್ಲ. ವಂಶವೃಕ್ಷ ತೆಗೆದು ನೋಡಿದೆ. ಮಾಲತೇಶನ ಹೆಸರಿನ ಪಕ್ಕದಲ್ಲಿ ತಂಗಿಯ ಹೆಸರಿತ್ತು: ಧನಲಕ್ಷ್ಮಿ, ಸೊರಬಕ್ಕೆ ಮದುವೆಯಾಗಿ ಹೋದವಳು.

"ಇವಳ ಸೈನ್ ಎಲ್ಲೈತವ್ವ?"

"ಅವರದೇನೂ ತಕರಾರಿಲ್ಲಂತ ಆಂಟಿ. ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕ ಒಪ್ಪಿಸಿದ್ರಾತು ಅಂದ್ರು ಅವರಣ್ಣ. ಹೆಂಗಸರು ನೀವೇ ಹೋಗಿ ಬರ್ರಿ ಅಂತ ಸೀರೀನೂ ಕೊಟ್ಟು ಕಳಿಸ್ಯಾರ."

ಈ ಅರಿಶಿನ ಕುಂಕುಮ ನನಗೆ ಗೊತ್ತಿಲ್ಲದ್ದಲ್ಲ. ತಂದೆಯ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕಾನೂನು ಹೇಳುತ್ತದೆ. ಅಣ್ಣತಮ್ಮಂದಿರು ಒಂದು ಸೀರೆ, ಒಂದು ಕುಪ್ಪಸದ ಖಣ, ಅರಿಶಿನ ಕುಂಕುಮದ ಪೊಟ್ಟಣ ಕೊಟ್ಟು, 'ಅರಿಶಿನ ಕುಂಕುಮದ ಬಾಬ್ತು ಪಡೆದು ಸಂತೋಷದಿಂದ ಹಕ್ಕು ಬಿಟ್ಟಿದ್ದೇನೆ' ಎಂದು ಬರೆಸಿಕೊಳ್ಳುತ್ತಾರೆ. ನಾನೂ ಹಾಗೆ ಸಂತೋಷಪಟ್ಟವಳೇ. ಉಡುತಡಿಯ ನಮ್ಮ ಹೊಲದ ಪಾಲಿಗೆ ನನಗೆ ಬಂದದ್ದು ಒಂದು ಹಸಿರು ಸೀರೆ. ಸೈನ್ ಮಾಡಿದರೆ ತವರಾದರೂ ಉಳಿಯುತ್ತದೆ ಅಂದುಕೊಂಡಿದ್ದೆ. ಆ ವರ್ಷ ಗೌರಿ ಹಬ್ಬಕ್ಕೆ ಕರೆಯಲು ಅಣ್ಣ ಬರಲಿಲ್ಲ. ಆಮೇಲೆ ಒಂದು ವರ್ಷವೂ ಬರಲಿಲ್ಲ. ಕೆಲಸ ಮುಗಿದಿತ್ತಲ್ಲ.

ಭಾನುವಾರ ನಾಗಶ್ರೀ ನನ್ನನ್ನೂ ಕರೆದುಕೊಂಡು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೊರಟಳು. ಬಸ್ಸಿನಲ್ಲಿ ಅವಳ ಮಾತೆಲ್ಲ ಹೊಸ ಮನೆಯದೇ. ಅಡುಗೆಮನೆ ಪೂರ್ವಕ್ಕಿದೆಯಂತೆ. ಗೋಡೆಗಳೆಲ್ಲ ಒಂಬತ್ತಿಂಚಂತೆ, ಒಂದು ಶಬ್ದವೂ ದಾಟುವುದಿಲ್ಲವಂತೆ. ನಾನು ಕಿಟಕಿಯ ಹೊರಗೆ ನೋಡುತ್ತಾ ಹ್ಞೂಂಗುಟ್ಟಿದೆ.

ಧನಲಕ್ಷ್ಮಿಗೆ ನಲವತ್ತೈದರ ಆಸುಪಾಸು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಗಂಡ ಲಾರಿಯ ಮೇಲೆ ಹೋದರೆ ಬರುವುದು ವಾರದ ಮೇಲೆ. ಅಣ್ಣ ಕಳಿಸಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಅಂಚು ಸವರಿದಳು. ಆಮೇಲೆ ನಾಗಶ್ರೀಯನ್ನು ಬಿಟ್ಟು ನನ್ನ ಮುಖ ನೋಡಿದಳು.

"ಅಕ್ಕ, ನೀವು ಹಿರೇರು. ನಿಮ್ ತಂಗಿ ಅಂತ ತಿಳ್ಕಂಡು ಹೇಳಿ. ಸೈನ್ ಮಾಡ್ಲಾ, ಬೇಡ್ವಾ?"

ಹಾಗೆ ಕೇಳಬಾರದಿತ್ತು ಅವಳು. ನಾಗಶ್ರೀ ಪಕ್ಕದಲ್ಲೇ ಕೂತಿದ್ದಾಳೆ, ಅವಳಿಗಾಗಿಯೇ ನಾನು ಬಂದಿದ್ದೇನೆ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಸೀರಿಗೆ ಸೈನ್ ಮಾಡಬ್ಯಾಡವ್ವ. ನಿನ್ನ ಪಾಲು ನಿನಗ ಬರಲಿ, ಆಮ್ಯಾಲ ಮಾಡು. ನಾನು ಸೀರಿಗೆ ಮಾಡಿದೆ. ಪಾಲೂ ಹೋತು, ತವರೂ ಹೋತು."

ವಾಪಸ್ ಬರುವಾಗ ನಾಗಶ್ರೀ ಹಿಂದಿನ ಸೀಟಿನಲ್ಲಿ ಕೂತಳು. ಬಸ್ಸಿಳಿದು ಮನೆಯ ಗೇಟಿನ ಹತ್ತಿರ ಬಂದ ಮೇಲೆ ನಿಂತಳು.

"ನಿಜ ಹೇಳ್ರಿ ಆಂಟಿ. ನಾವು ಮನಿ ಬಿಟ್ಟು ಹೋಗಬಾರ್ದು ಅಂತ ಹಂಗಂದ್ರಿ, ಹೌದಿಲ್ಲೋ?"

ಅಲ್ಲ ಎನ್ನಬೇಕಿತ್ತು. ಸೊರಬದಲ್ಲಿ ಆ ಮಾತು ಆಡುವಾಗ ನನಗೆ ನೆನಪಾದದ್ದು ಹಸಿರು ಸೀರೆ. ಆದರೆ ಆಡಿ ಮುಗಿಸಿದ ಮೇಲೆ, ಇನ್ನೊಂದೆರಡು ತಿಂಗಳು ಇವರು ಇಲ್ಲೇ ಇರುತ್ತಾರೆ ಎಂದು ಒಳಗೊಳಗೇ ಹಿಗ್ಗಿದ್ದೂ ನಾನೇ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗೇಟಿನ ಚಿಲಕ ತೆಗೆದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಗೋಡೆಗೆ ಎರಡು ಸಲ ಬಡಿದೆ. ಆ ಕಡೆ ಪಾತ್ರೆಯ ಸದ್ದು ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಅವಳು ಬರಲಿಲ್ಲ. ಆಮೇಲೆ ಅವರು ಪಿಸುಮಾತಿನಲ್ಲಿ ಮಾತಾಡತೊಡಗಿದರು. ನನಗೆ ಕೇಳಿಸಬಾರದೆಂದು ಪಿಸುಗುಟ್ಟುತ್ತಿದ್ದಾರೆ ಎಂಬುದು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಆ ಎರಡು ತಿಂಗಳಿನಷ್ಟು ಒಂಟಿತನವನ್ನು ನಾನು ಎಂದೂ ಕಂಡಿರಲಿಲ್ಲ.

ಮಾಲತೇಶ್ ಊರೆಲ್ಲ ನನ್ನನ್ನು ಬೈದುಕೊಂಡು ತಿರುಗಿದ. ಕೊನೆಗೆ ಬೇರೆ ದಾರಿ ಕಾಣದೆ ತಂಗಿಗೆ ಪಾಲು ಕೊಡಲು ಒಪ್ಪಿದ. ಧನಲಕ್ಷ್ಮಿ ಬಂದು ಕ್ರಯಪತ್ರಕ್ಕೆ ತಾನೂ ಸೈನ್ ಮಾಡಿದಳು. ಇನ್ನು ಆ ಮನೆಯ ಮೇಲೆ ಯಾರೂ ಕೋರ್ಟಿಗೆ ಹೋಗುವಂತಿಲ್ಲ. ನಾಗಶ್ರೀಯ ಮನೆ ಗಟ್ಟಿಯಾಯಿತು. ಅದನ್ನು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ಗೃಹಪ್ರವೇಶದ ಕಾರ್ಡನ್ನು ನನ್ನ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋಗಿದ್ದರು. ಹೋದೆ, ಕೊನೆಯ ಪಂಕ್ತಿಯಲ್ಲಿ ಊಟ ಮಾಡಿದೆ. ಹೋಳಿಗೆ ಬಡಿಸುವವರು ಯಾರೋ, ನೀವು ಯಾರ ಕಡೆಯವರು ಎಂದು ಕೇಳಿದರು. ಇನ್ನೊಂದು ಹೋಳಿಗೆ ಹಾಕಿ ಎಂದೆ.

ಆ ಕಡೆಯ ಪೋರ್ಶನ್ ಖಾಲಿಯಾಯಿತು. ಖಾಲಿ ಬಿಟ್ಟರೆ ನಷ್ಟ ಎಂದು ಚೌಡೇಶ್ ಇಬ್ಬರನ್ನು ಕರೆದುಕೊಂಡು ಬಂದ. ಇಬ್ಬರೂ ಗೋಡೆಗೆ ಬಡಿದು ನೋಡಿ ಹೋದರು.

ಗೌರಿ ಹಬ್ಬಕ್ಕೆ ಮೂರು ದಿನವಿರುವಾಗ ಧನಲಕ್ಷ್ಮಿಯ ಫೋನ್ ಬಂತು. ಹೊಲಿಗೆ ಯಂತ್ರ ಹೊಸದು ತಗೊಂಡೆ ಎಂದಳು. ಮಳೆ ಹೇಗಿದೆ ಎಂದಳು. ಆಮೇಲೆ ದನಿ ಸಣ್ಣದಾಯಿತು.

"ಅಣ್ಣ ಈ ಸಲ ಕರಿಯಕ್ಕೆ ಬರ್ಲಿಲ್ಲ ಅಕ್ಕ. ಇನ್ನು ಅವಳಿಗೂ ನಮಗೂ ಮುಗೀತು ಅಂದ್ನಂತೆ."

ನಾನು ಫೋನ್ ಹಿಡಿದುಕೊಂಡು ಮಂಚದ ಮೇಲೆ ಕೂತೆ. ಸೈನ್ ಮಾಡಿದ್ದಕ್ಕೇ ನನಗೆ ತವರಿಲ್ಲವಾಯಿತು ಎಂದು ಇಷ್ಟು ವರ್ಷ ನಂಬಿಕೊಂಡು ಬಂದವಳು ನಾನು. ಆ ನಂಬಿಕೆಯನ್ನೇ ಸಲಹೆ ಮಾಡಿ ಅವಳಿಗೆ ಕೊಟ್ಟಿದ್ದೆ. ಸುಮ್ಮನೆ ಸೈನ್ ಮಾಡಿಕೊಟ್ಟವಳನ್ನೂ ಕರೆಯಲಿಲ್ಲ, ಪಾಲು ಕೇಳಿದವಳನ್ನೂ ಕರೆಯಲಿಲ್ಲ. ಪಾಲು ತೆಗೆದುಕೊಂಡದ್ದು ಸರಿಯೇ, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಆದರೆ ಅವಳು ಅಳುತ್ತಿದ್ದಳು.

"ಇಲ್ಲಿಗೆ ಬಾ. ನಮ್ಮನ್ಯಾಗ ಒಂದು ಪೋರ್ಶನ್ ಖಾಲಿ ಐತಿ" ಎಂದೆ.

ಹಬ್ಬದ ಹಿಂದಿನ ಸಂಜೆ ಧನಲಕ್ಷ್ಮಿ ಒಂದು ಚೀಲ ಹಿಡಿದುಕೊಂಡು ಬಂದಳು. ಪ್ರಯಾಣದ ಸುಸ್ತಿಗೆ ಉಂಡವಳೇ ಆ ಕಡೆಯ ಪೋರ್ಶನ್ನಿನಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ಬೆಳಿಗ್ಗೆ ಎದ್ದು ಚಹಾ ಕಾಸಿದೆ. ಎರಡು ಲೋಟಕ್ಕೆ ಸೋಸಿದ ಮೇಲೆ, ಅಭ್ಯಾಸಬಲ, ಗೋಡೆಗೆ ಎರಡು ಸಲ ಬಡಿದೆ. ಅವಳಿಗೆ ಏನು ಗೊತ್ತು, ಪಾಪ. ಆ ಕಡೆ ಬಳೆಗಳ ಸದ್ದಾಯಿತು, ಆಮೇಲೆ ಹೆದರಿದ ದನಿ.

"ಯಾರದು?"

"ನಾನೇ. ಚಾ ಆಗೈತಿ, ಬಾ" ಎಂದೆ.