ಎಡಕ್ಕೆ ಬಾಗಿದ ಕೋವಿ

ನನ್ನ ಬಾಯಿ ಸ್ವಲ್ಪ ಜೋರು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಮರದ ಕೆಲಸದಲ್ಲಿ ನನ್ನ ತಪ್ಪು ಹಿಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅದಕ್ಕೇ ಕೋವಿ ಮೇಷ್ಟ್ರು ನನ್ನ ಬಡಗಿ ಅಂಗಡಿಗೆ ಬಂದು, ಒಂದು ನಕ್ಷೆ ಬಿಚ್ಚಿಟ್ಟು, "ಇದರಲ್ಲಿರೋ ಹಾಗೆ ಮಾಡು, ನಿನ್ನ ತಲೆ ಓಡಿಸಬೇಡ" ಎಂದಾಗ ನನಗೆ ಉರಿದುಹೋಯಿತು.

ಮೇಷ್ಟ್ರು ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಹಳೇ ಕಾಲದ ಬಂದೂಕುಗಳ ನಕಲು ಕೂಡಿಡುವುದು ಅವರ ಹುಚ್ಚು. ಕೋವಿ ಎಂಬ ಬಿರುದು ಬೀದಿಯವರು ಕೊಟ್ಟದ್ದು. ನಡುಕೋಣೆಯ ಗೋಡೆಯ ಮೇಲೆ ಮೂವತ್ತೊಂದಿವೆ. ಕಲ್ಲಿನ ಕಿಡಿಯಿಂದ ಸಿಡಿಯುತ್ತಿದ್ದ ಉದ್ದನೆಯವು, ಆರು ಗುಂಡಿನ ಪಿಸ್ತೂಲುಗಳು, ಕುದುರೆ ಸವಾರರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಮೊಟಕು ಬಂದೂಕುಗಳು. ಎಲ್ಲದರ ನಳಿಗೆಗೂ ಸೀಸ ತುಂಬಿ ಮುಚ್ಚಿದೆ. ಗುಂಡು ಹಾರುವುದಿರಲಿ, ಒಂದು ಇರುವೆಯೂ ಒಳಗೆ ಹೋಗಲಾರದು. ವಾರಕ್ಕೊಮ್ಮೆ ಅವನ್ನೆಲ್ಲ ಒರೆಸುವವರು ಅವರ ಅಕ್ಕ. ಇಷ್ಟೊಂದು ಆಯುಧ ಇಟ್ಟುಕೊಂಡು ಒಂದು ಜಿರಲೆ ಹೊಡೆಯಲಾಗುವುದಿಲ್ಲ ಎಂದು ಆಕೆ ಬಂದವರಿಗೆಲ್ಲ ಹೇಳುತ್ತಿದ್ದರು.

ನನ್ನ ಹತ್ತಿರ ಬಂದದ್ದು ಮೂವತ್ತೆರಡನೆಯದು, ಇನ್ನೂರು ವರ್ಷದ ಹಿಂದಿನ ಬೇಟೆ ಬಂದೂಕು. ಅಸಲು ಎಲ್ಲೋ ದೂರದ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಅದರ ಅಳತೆ ತರಿಸಿಕೊಳ್ಳಲು ಮೇಷ್ಟ್ರು ಹನ್ನೊಂದು ವರ್ಷ ಕಾಗದ ಬರೆದಿದ್ದರಂತೆ. ಕಬ್ಬಿಣದ ಭಾಗಗಳನ್ನು ಬೇರೆಯವರು ಎರಕ ಹೊಯ್ದು ಕೊಟ್ಟಿದ್ದರು, ಮರದ ಹಿಡಿ ಮಾತ್ರ ನನ್ನ ಪಾಲಿನದು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ಮೂರು ಸಲ ಹೇಳಿ, ಹಳೇ ಮಂಚವೊಂದರ ಅಕ್ರೋಟು ಮರದ ಹಲಗೆ ಕೊಟ್ಟು ಹೋದರು.

ನಕ್ಷೆಯಲ್ಲಿ ಭುಜಕ್ಕೆ ಒತ್ತಿಕೊಳ್ಳುವ ಬುಡ ಒಂದು ಬೆರಳಷ್ಟು ಎಡಕ್ಕೆ ಬಾಗಿತ್ತು. ನನಗೆ ಅನುಮಾನ ಬಂತು. ಮಾರನೆಯ ದಿನ ಏನೋ ನೆಪ ಹೇಳಿ ಮೇಷ್ಟ್ರ ಮನೆಗೆ ಹೋಗಿ ಗೋಡೆಯ ಮೇಲಿದ್ದ ಉದ್ದ ಬಂದೂಕುಗಳನ್ನೆಲ್ಲ ನೋಡಿದೆ. ಕೆಲವು ನೆಟ್ಟಗಿದ್ದವು, ಕೆಲವು ಬಲಕ್ಕೆ ವಾಲಿದ್ದವು, ಎಡಕ್ಕೆ ಒಂದೂ ಇರಲಿಲ್ಲ. ಸರಿಹೋಯಿತು, ನಕ್ಷೆ ಬರೆದ ಪುಣ್ಯಾತ್ಮ ಎಡವಿದ್ದಾನೆ ಎಂದುಕೊಂಡೆ. ಅಷ್ಟು ಓದಿದ ಮೇಷ್ಟ್ರಿಗೆ ಹೊಳೆಯದ್ದು ಬಡಗಿಗೆ ಹೊಳೆಯಿತಲ್ಲ ಎಂದು ಎದೆಯುಬ್ಬಿತು. ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬುಡದ ಗೆರೆಯನ್ನು ಹಿಂದಿನಿಂದ ಎಳೆದುಕೊಂಡು, ಬಾಗನ್ನು ಬಲಕ್ಕೆ ತಿರುಗಿಸಿದೆ. ಮೂರು ವಾರ ಕೆತ್ತಿದೆ, ಉಜ್ಜಿದೆ, ಎಣ್ಣೆ ಕುಡಿಸಿದೆ. ತಪ್ಪು ತಿದ್ದಿದ್ದನ್ನು ಕೊನೆಗೆ ಹೇಳಿ ಹೊಗಳಿಸಿಕೊಳ್ಳೋಣ ಎಂದು ಬೀಗುತ್ತ ತೆಗೆದುಕೊಂಡು ಹೋದೆ.

ಮೇಷ್ಟ್ರು ಬಂದೂಕನ್ನು ಎತ್ತಿ ಎಡ ಭುಜಕ್ಕೆ ಇಟ್ಟುಕೊಂಡರು. ಎಡ ಕೆನ್ನೆಯನ್ನು ಮರಕ್ಕೆ ತಾಗಿಸಲು ಕತ್ತು ಓರೆ ಮಾಡಿದರು, ಇನ್ನಷ್ಟು ಓರೆ ಮಾಡಿದರು. ಆಗಲಿಲ್ಲ. ಕೆಳಗಿಳಿಸಿ ಬುಡವನ್ನು ನೋಡಿದರು. ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಅವರು ಕೆಲಸ ಚೆನ್ನಾಗಿದೆ ಎಂದಷ್ಟೇ ಹೇಳಿ ಒಳಗೆ ಹೋಗಿಬಿಟ್ಟರು.

ಅಕ್ಕ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ವಿಷಯ ಹೇಳಿದರು. ಮೇಷ್ಟ್ರು ಹುಟ್ಟಾ ಎಡಗೈಯವರು. ಚಿಕ್ಕಂದಿನಲ್ಲಿ ಬರೆಯಲು ಕೂತಾಗ ಅಪ್ಪ ಆ ಕೈಯನ್ನು ಟವೆಲಿನಿಂದ ಕುರ್ಚಿಗೆ ಕಟ್ಟುತ್ತಿದ್ದರಂತೆ. ಆಮೇಲೆ ಮೂವತ್ತೈದು ವರ್ಷ ಬಲಗೈಯಲ್ಲೇ ಬೋರ್ಡಿನ ಮೇಲೆ ಭೂಪಟ ಬರೆದರು, ವಕ್ರವಾಯಿತೆಂದು ಮಕ್ಕಳಿಂದ ನಗಿಸಿಕೊಂಡರು. ಯಾವುದೋ ಪುಸ್ತಕದಲ್ಲಿ ಈ ಬಂದೂಕಿನ ಚಿತ್ರ ಕಂಡಾಗ ಎರಡು ದಿನ ಬೇರೆ ಮಾತೇ ಇರಲಿಲ್ಲವಂತೆ. ಗಿರಾಕಿ ಎಡಗೈಯವನು ಎಂದು ಮರವನ್ನೇ ಎಡಕ್ಕೆ ಬಾಗಿಸಿಕೊಟ್ಟ ಕಸುಬುದಾರನೊಬ್ಬ ಆ ಕಾಲದಲ್ಲೇ ಇದ್ದನಲ್ಲ ಎಂದು ಅವರಿಗೆ ಖುಷಿಯೋ ಖುಷಿ.

"ಆ ಮೂವತ್ತೊಂದು ನೋಡೋಕೆ ಕಣಪ್ಪ," ಎಂದರು ಅಕ್ಕ. "ಇದೊಂದನ್ನ ಹಿಡ್ಕೊಳ್ಳೋಕೆ ಅಂತ ಕಾದಿದ್ದ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಅಪ್ಪ ಕೈ ಕಟ್ಟಿದ್ದರು, ನಾನು ಮರ ತಿರುಗಿಸಿದ್ದೆ. ಅತಿ ಬುದ್ಧಿವಂತ, ಅಡ್ಡಕಸುಬಿ ಎಂದು ನನ್ನನ್ನೇ ಬಯ್ದುಕೊಳ್ಳುತ್ತ ಮನೆಗೆ ಬಂದೆ.

ಇನ್ನೊಂದು ಹಿಡಿಗೆ ಮರ ಬೇಕಲ್ಲ. ಅಕ್ರೋಟಿನ ಹಲಗೆ ಇದ್ದದ್ದು ನಮ್ಮ ಮನೆಯಲ್ಲೇ, ನಮ್ಮ ಮಂಚದ ತಲೆಕಡೆಗೆಂದು ಎತ್ತಿಟ್ಟದ್ದು. ಹೆಂಡತಿಗೆ ಹೆದರಿ ಹೆದರಿ ಎಲ್ಲ ಹೇಳಿದೆ. "ತಗೊಂಡ್ಹೋಗಿ. ಒಳಗೇನೂ ಇಲ್ಲದ ತಲೆಗೆ ಒರಗೋಕೆ ಹಲಗೆ ಬೇರೆ ಕೇಡು," ಎಂದಳು. ಹಲಗೆಯನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ನಡೆದೆ.

ಮೇಷ್ಟ್ರನ್ನು ಅಂಗಡಿಗೆ ಕರೆದೆ. ಆದದ್ದಾಯಿತು, ಗೋಡೆಗೆ ತೂಗುಹಾಕಿದರೆ ಎಲ್ಲ ಒಂದೇ ಎಂದು ಅವರು ಕೈಚೆಲ್ಲಿದರು. ಅಕ್ಕ ಬಿಡಲಿಲ್ಲ, ಹೆಚ್ಚುಕಡಿಮೆ ದಬ್ಬಿಕೊಂಡೇ ಬಂದರು. ಮೇಷ್ಟ್ರ ಕೈಗೆ ಒಂದು ಕೋಲು ಕೊಟ್ಟು ಎಡ ಭುಜಕ್ಕೆ ಹಿಡಿಸಿ, ದರ್ಜಿಯ ಹಾಗೆ ಟೇಪು ಹಿಡಿದು ತೋಳು, ಭುಜ, ಕೆನ್ನೆಯ ಅಳತೆ ತೆಗೆದೆ. ನಕ್ಷೆಯ ಪಕ್ಕ ಇಟ್ಟು ನೋಡಿದರೆ ಎರಡೂ ಹೊಂದಲಿಲ್ಲ. ಆ ಕಾಲದ ಬೇಟೆಗಾರ ಆಜಾನುಬಾಹು, ನಮ್ಮ ಮೇಷ್ಟ್ರು ಕಡ್ಡಿ ಪೈಲ್ವಾನ್. ಬುಡ ಎರಡು ಬೆರಳು ಗಿಡ್ಡವಾಗಬೇಕು, ಬಾಗು ಇನ್ನೂ ಸ್ವಲ್ಪ ಹೆಚ್ಚಬೇಕು.

ಈ ಸಲ ನಾನು ಜಾಣತನ ತೋರಿಸಲಿಲ್ಲ, ಕೇಳಿದೆ. "ಮೇಷ್ಟ್ರೇ, ನಕ್ಷೆ ಪ್ರಕಾರ ಮಾಡಿದ್ರೆ ಅಸಲಿನ ಹಾಗಿರುತ್ತೆ, ನಿಮಗೆ ಸರಿಹೋಗಲ್ಲ. ನಿಮ್ಮ ಅಳತೆಗೆ ಮಾಡಿದ್ರೆ ನಕಲು ಕೆಟ್ಟುಹೋಗುತ್ತೆ. ಯಾವುದು ಮಾಡ್ಲಿ?"

ಕೂದಲೆಳೆಗಾಗಿ ಜೀವ ಬಿಡುವ ಮನುಷ್ಯ ಅವರು. ತಿರುಪು ಹೊಸ ನಮೂನೆಯದೆಂದು ಒಂದು ಒಳ್ಳೇ ಪಿಸ್ತೂಲನ್ನೇ ಮಾರಿದವನಿಗೆ ವಾಪಸ್ಸು ಕಳಿಸಿದ್ದವರು. ಹನ್ನೊಂದು ವರ್ಷ ಕಾದು ತರಿಸಿದ ಕಾಗದದ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ನಂದೇ ಅಳತೆ ಹಾಕು," ಎಂದರು.

ಮತ್ತೆ ಮೂರು ವಾರ ಹಿಡಿಯಿತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ತೆಗೆದುಕೊಂಡು ಹೋದೆ. ಮೇಷ್ಟ್ರು ಎಡ ಭುಜಕ್ಕೆ ಏರಿಸಿದರು. ಕತ್ತು ಓರೆ ಮಾಡಲೇ ಇಲ್ಲ, ಕೆನ್ನೆ ತಾನಾಗಿ ಮರದ ಮೇಲೆ ಹೋಗಿ ಕೂತಿತು. ಅಕ್ಕ ತಿಂಡಿ ಆರುತ್ತಿದೆ ಎಂದು ಎರಡು ಸಲ ಕರೆದರೂ ಅಲ್ಲಾಡಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಅದನ್ನು ಮುಚ್ಚಿಕೊಳ್ಳಲು, ಗೋಡೆಯಲ್ಲಿ ಜಾಗ ತೋರಿಸಿದರೆ ಮೊಳೆ ಹೊಡೆದುಕೊಡುತ್ತೇನೆ ಎಂದೆ.

"ಗೋಡೆಗೆ ಬೇಡ," ಎಂದರು ಮೇಷ್ಟ್ರು. "ಅಲ್ಲಿರೋವೆಲ್ಲ ನಕಲು. ಇದು ಅಸಲು."

ಅಸಲಾದರೆ ಲೈಸೆನ್ಸ್ ಬೇಕಾಗುತ್ತದಲ್ಲೋ ಎಂದು ಅಕ್ಕ ಒಳಗಿಂದಲೇ ಕೂಗಿದರು. ಮೇಷ್ಟ್ರು ನಕ್ಕರು, ನಾನೂ ನಕ್ಕೆ. ಬಂದೂಕು ಮಾತ್ರ ಭುಜದ ಮೇಲಿಂದ ಇಳಿಯಲಿಲ್ಲ.

"ಅರವತ್ತೆಂಟು ವರ್ಷ ಆಯ್ತು ಅಕ್ಕ," ಎಂದರು ಅವರು. "ಕೈ ಬದಲಾಯಿಸು ಅಂತ ನನಗೆ ಹೇಳದೇ ಇರೋ ಮೊದಲನೇ ವಸ್ತು ಇದು."

ಅಕ್ಕ ತಿಂಡಿಯ ತಟ್ಟೆ ತಂದು ಮೇಜಿನ ಮೇಲಿಟ್ಟು, ಬಲಕ್ಕಿದ್ದ ಚಮಚವನ್ನು ಎತ್ತಿ ಎಡಕ್ಕೆ ಇಟ್ಟರು.