ನಾಲ್ಕು ವರ್ಷದ ಗ್ಯಾಪು

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಬೆಳಗಿನ ಟೀ ಮುಗಿಯುವ ಹೊತ್ತಿಗೆ ಕೆಲಸ ಕೇಳಿಕೊಂಡು ಒಬ್ಬ ಬಂದ. ಕೊಪ್ಪಳದ ಕಡೆಯವನು, ಹೆಸರು ಹನುಮೇಶ. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಒಳ್ಳೆಯ ಟರ್ನರ್‌ಗಾಗಿ ಎರಡು ವಾರ ಹುಡುಕಿ ಸುಸ್ತಾಗಿದ್ದ ಫೋರ್‌ಮನ್ ಶೇಖರಪ್ಪ, ಅವನು ಕೊಟ್ಟ ಅನುಭವ ಪತ್ರ ಓದಿ ಹುಬ್ಬೇರಿಸಿದ. ಹೋದ ತಿಂಗಳವರೆಗೂ ಗಿರಿಗಂಗಾ ಟೂಲ್ಸ್‌ನಲ್ಲಿ ದುಡಿದಿದ್ದಾನೆ ಎಂದಿತ್ತು.

"ಗಿರಿಗಂಗಾನಾ? ಅದು ಕೊರೊನಾ ಟೈಮಲ್ಲೇ ಬಾಗಿಲು ಹಾಕ್ತಲ್ಲಯ್ಯಾ! ಅಲ್ಲಿನ ಹರಾಜಲ್ಲಿ ನಾವೇ ಒಂದು ಲೇತ್ ತಂದಿದೀವಿ. ನೋಡು, ಆ ಮೂಲೇಲಿದೆ."

ಹನುಮೇಶನ ಮುಖ ಬಾಡಿತು.

"ತಪ್ಪಾತ್ರಿ ಸರ. ಖರೇ ಹೇಳಿದ್ರ ಗೇಟಿನಾಗ ಬಿಡಂಗಿಲ್ರಿ. ನಾಕ್ ವರ್ಷ ಗ್ಯಾಪ್ ಐತಿ ಅಂತ ಎಲ್ಲಾರೂ ಹೊಳ್ಳಿ ಕಳಸ್ತಾರ. ಗಾರೆ ಕೆಲಸ, ಮೂಟೆ ಹೊರೋದು, ಹಂಗ ನಡದೈತಿ."

"ಸುಮ್‌ಸುಮ್ನೆ ಕಳಿಸ್ತಾರಾ? ಕೈ ತಪ್ಪಿರುತ್ತೆ. ಲೇತಿಗೆ ಹಾಕಿದ ಜಾಬ್ ಕೆಟ್ರೆ ಓನರ್ ಹತ್ರ ಬೈಸ್ಕೊಳ್ಳೋನು ನಾನು."

"ಲೇತ್ ಮುಟ್ಟಾಕ ಬಿಡಲಿಲ್ಲಂದ್ರ ಕೈ ಹೆಂಗ್ರಿ ಕೂಡ್ತೈತಿ?"

ಶೇಖರಪ್ಪ ಅನುಭವ ಪತ್ರವನ್ನು ಮಡಚಿದ. ವರ್ಷ ಮೀರಿ ಖಾಲಿ ಕೂತವರನ್ನು ಒಳಗೆ ಬಿಡಬೇಡ ಎಂದು ಗೇಟಿನ ಕಾವಲಿನವನಿಗೆ ಹೇಳಿಟ್ಟವನು ಅವನೇ. ಎಷ್ಟು ಜನ ಹಾಗೇ ತಿರುಗಿ ಹೋದರೋ ಏನೋ. ಒಳಗೊಳಗೇ ನಾಚಿಕೆಯಾಗಿ, ಒಂದು ಕಬ್ಬಿಣದ ಸಲಾಕೆಯನ್ನೂ ಅಳತೆ ಬರೆದ ಡ್ರಾಯಿಂಗನ್ನೂ ಹನುಮೇಶನ ಕೈಗಿತ್ತ.

ಹನುಮೇಶ ಮೂಲೆಯಲ್ಲಿದ್ದ ಗಿರಿಗಂಗಾದ ಹಳೆಯ ಲೇತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆದರೆ ಅವನು ಕಡೆದ ಮೊದಲ ಜಾಬ್ ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಗುಜರಿಗೆ ಹೋಯಿತು. ಯಾರೂ ಏನೂ ಹೇಳುವ ಮೊದಲೇ ಅವನು ಚೀಲ ಎತ್ತಿಕೊಂಡ.

"ಎಲ್ಲಿಗೆ ಹೊರಟೆ?" ಎಂದ ಶೇಖರಪ್ಪ. "ಕಾಲು ಮುರ್ಕೊಂಡು ಮೂರು ತಿಂಗಳು ಮಲಗಿ ಎದ್ಬಂದಾಗ ನಾನೂ ಕೆಡಿಸಿದ್ದೆ ಕಣಯ್ಯಾ. ಯಾರೂ ಮನೆಗೆ ಹೋಗು ಅನ್ಲಿಲ್ಲ. ಇನ್ನೊಂದು ಹಾಕು."

ಎರಡನೆಯದೂ ಸ್ವಲ್ಪ ಹೆಚ್ಚುಕಡಿಮೆ ಆಯಿತು. ಮೂರನೆಯದನ್ನು ಶೇಖರಪ್ಪ ಮೈಕ್ರೋಮೀಟರಿನಲ್ಲಿ ಎರಡೆರಡು ಸಲ ಅಳೆದು ನಕ್ಕುಬಿಟ್ಟ. ಹನುಮೇಶನ ಮುಖ ಊರಗಲವಾಯಿತು.

"ನಾಳೆಯಿಂದ ಬಾ."

"ಸರ, ನಮ್ಮ ವಠಾರದಾಗ ಗಿರಿಗಂಗಾದವ್ರು ಇನ್ನೂ ಇಬ್ರು ಟರ್ನರ್ ಅದಾರ್ರಿ. ಈರಣ್ಣ, ಬಸಲಿಂಗ. ಅವರ್ನೂ ಯಾರೂ ಒಳಗ ಕರೀವಲ್ರು."

ಶೇಖರಪ್ಪ ಖಾಲಿ ನಿಂತಿದ್ದ ಇನ್ನೊಂದು ಲೇತಿನತ್ತ ನೋಡಿದ.

"ಕರ್ಕೊಂಡ್ಬಾ. ಎಷ್ಟು ವರ್ಷ ಗ್ಯಾಪು ಅಂತ ನಾನು ಕೇಳಲ್ಲ. ಒಬ್ಬೊಬ್ರಿಗೂ ಮೂರು ಸಲಾಕೆ ಕೊಡ್ತೀನಿ ಅಂತ ಹೇಳು."