ಒಂದು ಸೀಟಿ

ಉಮಾವತಿ ಗಂಡನ ಕುತ್ತಿಗೆಯಿಂದ ನಳಿಗೆ ಕಳಚಿದ್ದೇ ತಡ, ಮಂಚದ ಪಕ್ಕದ ಉಸಿರಾಟದ ಯಂತ್ರ ಕಿರುಚತೊಡಗಿತು. ಅಳಲು ಸಿದ್ಧರಾಗಿ ನಿಂತಿದ್ದ ಹೆಂಗಸರು ಬೆಚ್ಚಿ ಬಾಯಿ ಮುಚ್ಚಿಕೊಂಡರು.

"ಎಂತ ಇದ್? ನಿಲ್ಸಿ ಮಾರಾಯ್ರೆ!" ಎಂದ ಭೋಜರಾಜ. ಸತ್ತವನ ಅಣ್ಣ ಅವನು. ಕುಂದಾಪುರದಲ್ಲಿ ಹೋಟೆಲು ಇಟ್ಟವನು.

ಡಾಕ್ಟರು ಬೆಳಿಗ್ಗೆಯೇ ಬಂದು, ಕಣ್ಣಿಗೆ ಟಾರ್ಚು ಬಿಟ್ಟು, ಲೀಲಾಧರನ ಹೃದಯ ನಿಂತಿದೆ ಎಂದು ಹೇಳಿ ಹೋಗಿದ್ದರು. ಯಂತ್ರವನ್ನು ಆಗಲೇ ಬಿಡಿಸಬಹುದಿತ್ತು. ಆದರೆ ಭೋಜರಾಜ ಫೋನಿನಲ್ಲಿ, "ನಾನ್ ಬಪ್ಪುವರಿಗೆ ಯಾರೂ ಅದನ್ನ ಮುಟ್ಟೂಕಾಗ" ಎಂದಿದ್ದ. ಹಾಗಾಗಿ ಸತ್ತವನ ಎದೆ ಏಳುತ್ತ ಇಳಿಯುತ್ತ ಇತ್ತು. ಗಾಳಿ ತಳ್ಳುವ ಯಂತ್ರಕ್ಕೆ ಬದುಕಿದವರು, ಸತ್ತವರು ಎಂಬ ಭೇದವಿಲ್ಲ. ಪಕ್ಕದ ಮನೆಯ ಕುಸುಮಾವತಿ ಬಂದವಳು ಕೈ ಮುಟ್ಟಿ ನೋಡಿದಳು, ತಣ್ಣಗಿತ್ತು. ಎದೆ ನೋಡಿದಳು, ಏಳುತ್ತಿತ್ತು. ಅಳಬೇಕೋ ಬೇಡವೋ ತಿಳಿಯದೆ ಅಡುಗೆಮನೆಗೆ ಹೋಗಿ ಕುಳಿತಳು. ಕೊನೆಗೂ ಬಂದ ಭೋಜರಾಜ ಬಾಗಿಲಲ್ಲೇ ನಿಂತು, "ನೀನೇ ತೆಗಿ ಉಮಾವತಿ, ನಂಗೆ ಅದೆಲ್ಲ ಕಾಂಬುಕಾತಿಲ್ಲೆ" ಎಂದಿದ್ದ.

ಈಗ ಅವನು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಪ್ಲಗ್ಗು ಕಿತ್ತ. ಕಿರುಚಾಟ ಇನ್ನಷ್ಟು ಜೋರಾಯಿತು.

"ಕರೆಂಟ್ ತೆಗ್ದ್ರೂ ಕೂಗ್ತಲ್ದಾ!"

"ಒಳ್ಗೆ ಬ್ಯಾಟ್ರಿ ಇತ್ತ್," ಎಂದಳು ಉಮಾವತಿ. ಅಷ್ಟೇ ಹೇಳಿದಳು.

ಆರಿಸುವುದು ಕಷ್ಟದ ಕೆಲಸವೇನಲ್ಲ. ಹಿಂಬದಿಯ ಗುಂಡಿ ಒತ್ತಿ ಹಿಡಿಯಬೇಕು. ಪರದೆಯ ಮೇಲಿನ ಪಟ್ಟಿ ಪೂರ್ತಿ ತುಂಬುವವರೆಗೆ ಬೆರಳು ತೆಗೆಯಬಾರದು. ಕೈತಪ್ಪಿ ಯಾರೂ ಆರಿಸಬಾರದು, ಆರಿಸುವವರು ಮನಸ್ಸಿಟ್ಟೇ ಆರಿಸಬೇಕು ಎಂದು ಮಾಡಿದ ಏರ್ಪಾಟು ಅದು. ಮಗಳು ಶರಣ್ಯಾಳಿಗೂ ಗೊತ್ತು. ಅವಳು ಮುಂದಾದಳು. ಉಮಾವತಿ ಅವಳ ಮಣಿಕಟ್ಟು ಹಿಡಿದಳು.

"ಬಿಡ್. ದೊಡ್ಡಪ್ಪಯ್ಯ ಮಾಡ್ಲಿ."

ಭೋಜರಾಜ ಅದಕ್ಕೆ ಕಂಬಳಿ ಸುತ್ತಿ ಒಳಕೋಣೆಗೆ ಹಾಕಿ ಬಾಗಿಲೆಳೆದ. ಶಬ್ದ ದಪ್ಪವಾಯಿತು, ನಿಲ್ಲಲಿಲ್ಲ.

"ಎಂತ ಹೆಣ್ಣೆ, ನಮ್ಕಿಂತ ಜಾಸ್ತಿ ಅದೇ ಮರ್ಕ್ತಾ ಇತ್ತಲೆ," ಎಂದು, ಅಳಲು ಕಾದು ಕುಳಿತಿದ್ದ ಕುಸುಮಾವತಿ ಎದ್ದು ಬಂದು ಉಮಾವತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಮರ್ಕ್ಲಿ ಕುಸುಮಕ್ಕ. ಮೂರ್ ವರ್ಷ ಅವ್ರ್ ಹತ್ರ ಬಿಡ್ದೆ ಕೂತದ್ ಅದೊಂದೇ."

*

ಲೀಲಾಧರ ಕುಂದಾಪುರ–ಬೈಂದೂರು ಬಸ್ಸಿನ ಕಂಡಕ್ಟರಾಗಿದ್ದ. ಕೊರಳಿಗೆ ತಗಡಿನ ಸೀಟಿ ಕಟ್ಟಿಕೊಂಡವನಲ್ಲ. ಎರಡು ಬೆರಳು ನಾಲಿಗೆಯಡಿ ಇಟ್ಟು ಊದಿದರೆ ಮರವಂತೆಯ ಗಾಳಿಯಲ್ಲೂ ಡ್ರೈವರ್ ಶೀನನಿಗೆ ಕೇಳಿಸುತ್ತಿತ್ತು. ಒಂದು ಸೀಟಿ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ಮೀನಿನ ಹೆಂಗಸರು ಬುಟ್ಟಿ ಇಟ್ಟು, ಸೆರಗು ಸರಿಮಾಡಿ, ಕೂತಾಗುವವರೆಗೆ ಎರಡನೆಯದು ಬರುತ್ತಿರಲಿಲ್ಲ. ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಸುಸ್ತಾಗುತ್ತಿದ್ದ.

ಒಂದು ಬೆಳಿಗ್ಗೆ ತ್ರಾಸಿಯಲ್ಲಿ ಬೆರಳಿಟ್ಟು ಊದಿದ. ಬರಿಯ ಗಾಳಿ ಬಂತು. ಶೀನ ಹಿಂದೆ ತಿರುಗಿ, "ಎಂತ, ಹಲ್ ಉದ್ರಿತಾ?" ಎಂದು ನಕ್ಕಿದ್ದ. ಮಿದುಳಿನ ಸುದ್ದಿ ಸ್ನಾಯುಗಳಿಗೆ ಮುಟ್ಟದಂತೆ ನರಗಳೇ ಸಾಯುವ ಕಾಯಿಲೆ. ನಾಲಿಗೆ ಹೋಯಿತು, ಕೈ ಹೋಯಿತು, ಕಾಲು ಹೋಯಿತು. ಎದೆಯ ಸರದಿ ಬಂದಾಗ ಆಸ್ಪತ್ರೆಯಲ್ಲಿ ಕುತ್ತಿಗೆಗೆ ತೂತು ಮಾಡಿ ನಳಿಗೆ ಇಟ್ಟರು. ಯಂತ್ರದೊಂದಿಗೇ ಮನೆಗೆ ಕಳಿಸಿದರು. ಬುದ್ಧಿ, ನೋಟ, ನೋವು ಮಾತ್ರ ಇದ್ದ ಹಾಗೇ ಇದ್ದವು.

ಮಾತು ಕಂಡುಹಿಡಿದವನು ಶೀನ. ಮಂಚದ ಬಳಿ ಕುಳಿತು, "ಸೀಟಿ ಹೋಯ್ತ್ ಅಂದ್ರೆ ಎಂತ, ಕಣ್ಣಂಗೇ ಊದ್ ಮಾರಾಯ" ಎಂದ. ಒಂದು ಸಲ ರೆಪ್ಪೆ ಮುಚ್ಚಿದರೆ ನಿಲ್ಲಿಸು, ಎರಡು ಸಲ ಮುಚ್ಚಿದರೆ ನಡೆಯಲಿ. ಫ್ಯಾನು, ಟೀವಿ, ಮೂಗಿನ ನಳಿಗೆಯಲ್ಲಿ ಹೊಯ್ಯುವ ಗಂಜಿ, ಎಲ್ಲವೂ ಅದರಲ್ಲೇ ನಡೆಯಿತು.

ಆಮೇಲೊಂದು ದಿನ ಲೀಲಾಧರ ಯಂತ್ರವನ್ನೇ ನೋಡಿ ಒಂದು ಸಲ ರೆಪ್ಪೆ ಮುಚ್ಚಿದ. ಉಮಾವತಿ ಟೀವಿ ಆರಿಸಿದಳು. ಅವನು ಮತ್ತೆ ಯಂತ್ರ ನೋಡಿದ. ಯಂತ್ರ ನಿಲ್ಲಿಸಬೇಕೇ ಎಂದು ಮರುದಿನ ಕೇಳಿದಳು, ಮುಂದಿನ ವಾರ ಕೇಳಿದಳು. ಅದೇ ಉತ್ತರ. ಡಾಕ್ಟರು ಸಿಟ್ಟಾಗಲಿಲ್ಲ. "ಅವರೇ ಕೇಳುತ್ತಿದ್ದರೆ ದಾರಿ ಇದೆ, ಸಂಕಟವಾಗದಂತೆ ಮದ್ದು ಕೊಟ್ಟು ಬಿಡಿಸಬಹುದು. ಆದರೆ ಮನೆಯವರೆಲ್ಲ ಒಂದೇ ಮಾತಿನಲ್ಲಿರಬೇಕು" ಎಂದರು.

ಭೋಜರಾಜ ಮೋಸಂಬಿ ಹಿಡಿದುಕೊಂಡು ಬಂದ. ನುಂಗಲಾಗದವನ ತಲೆದಿಂಬಿನ ಪಕ್ಕ ಮೋಸಂಬಿ ಇಟ್ಟ.

"ಹ್ವಾಯ್, ಭಾವಯ್ಯ ಬಂದಿರ್. ಅವ್ರಿಗೂ ಹೇಳಿ," ಎಂದಳು ಉಮಾವತಿ.

ಲೀಲಾಧರ ಯಂತ್ರ ನೋಡಿದ. ಒಂದು ಸಲ ಗಟ್ಟಿಯಾಗಿ ರೆಪ್ಪೆ ಮುಚ್ಚಿ ತೆರೆದು, ಅಣ್ಣನನ್ನು ನೋಡಿದ. ಆ ಬಸ್ಸಿನಲ್ಲೇ ವರ್ಷಗಟ್ಟಲೆ ಓಡಾಡಿದವನು ಭೋಜರಾಜ. ಅವನ ಮುಖ ಬಿಳುಚಿತು. ಅಂಗಳಕ್ಕಿಳಿದು ಹೇಳಿದ:

"ನಿತೇಶನ ಮದಿ ಗೊತ್ತಾಯ್ತಲೆ. ಈಗ ಸೂತ್ಕ ಬಂದ್ರೆ ಹ್ಯಾಂಗ್? ಅದೊಂದ್ ಮುಗೀಲಿ."

ಭೋಜರಾಜನ ಮಗನ ಮದುವೆ ಮುಗಿಯಿತು. ಕೋಟೇಶ್ವರದ ಹೊಸ ಹೋಟೆಲಿನ ಪೂಜೆ ಬಂತು. ಅದಾದ ಮೇಲೆ ಸೊಸೆ ಅನಿಷಾಳ ಸೀಮಂತ. ಪ್ರತಿ ಸಲವೂ ಮೋಸಂಬಿ ಬಂತು. ಪ್ರತಿ ಸಲವೂ ಲೀಲಾಧರ ಒಂದು ಸಲ ರೆಪ್ಪೆ ಮುಚ್ಚಿದ. ಕಡೆಕಡೆಗೆ ಯಂತ್ರ ನೋಡುವುದನ್ನೂ ಬಿಟ್ಟ. ಹೆಂಡತಿಯನ್ನು ನೋಡುತ್ತಿದ್ದ, ಅಷ್ಟೇ.

*

ತೋಟದಲ್ಲಿ ಮಾವಿನ ಕಟ್ಟಿಗೆ ಒಟ್ಟಿಯಾಗಿತ್ತು. ಹೆಣ ಚಾವಡಿಯಲ್ಲಿ ಚಟ್ಟದ ಮೇಲೆ ಮಲಗಿತ್ತು. ಕುತ್ತಿಗೆಯ ತೂತು ಕಾಣದಂತೆ ಭೋಜರಾಜನೇ ಶಾಲು ಹೊದಿಸಿದ್ದ. ಬೈಂದೂರಿನ ನೆಂಟರು ಅವನ ಸುತ್ತ ನಿಂತಿದ್ದರು.

"ಕಡೆವರಿಗೂ ಬದ್ಕುಕೆ ಆಸಿ ಅವ್ನಿಗೆ," ಅವನು ಕಣ್ಣೊರೆಸಿಕೊಂಡು ಹೇಳುತ್ತಿದ್ದ. "ಒಂದ್ ದಿನವೂ ಸಾಕ್ ಅಂದವನಲ್ಲ ನನ್ನ ತಮ್ಮ. ನಾನೂ ಬಿಟ್ಟ್ ಕೊಡ್ಲಿಲ್ಲ."

ಉಮಾವತಿ ತುಳಸಿ ನೀರಿನ ಲೋಟ ಕೆಳಗಿಟ್ಟಳು.

"ಅವ್ರ್ ಸಾಕ್ ಅಂದಿರ್. ನಿಮ್ಮ ಎದ್ರಿಗೇ ಅಂದಿರ್, ಭಾವಯ್ಯ."

"ಎಂತ ಮಾತಾಡ್ತೆ ಹೆಣ್ಣೆ, ಈ ಹೊತ್ತಂಗೆ!"

"ಒಂದ್ ಸಲ ಕಣ್ ಮುಚ್ಚಿರ್. ನೀವ್ ಮದಿ ಮುಗೀಲಿ ಅಂದ್ರಿ. ಮತ್ತೊಂದ್ ಸಲ ಮುಚ್ಚಿರ್. ಹೋಟ್ಲ್ ಪೂಜಿ ಮುಗೀಲಿ ಅಂದ್ರಿ."

"ಕಣ್ ಮುಚ್ಚುದೆಲ್ಲ ಒಂದ್ ಮಾತಾ? ಅದೆಂತ ಅಂತ ಯಾರಿಗ್ ಗೊತ್ತಿತ್ತ್?"

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಶೀನ ತಲೆಯೆತ್ತಿದ.

"ನಂಗೊತ್ತಿತ್ತ್ ಭೋಜಣ್ಣ. ಒಂದ್ ಅಂದ್ರೆ ನಿಲ್ಸ್. ಅದನ್ನ ಕೇಂಡೂ ಬ್ರೇಕ್ ಒತ್ತದವ ಡ್ರೈವರ್ ಅಲ್ಲ." ಹಗ್ಗವನ್ನು ಇನ್ನೊಂದು ಸುತ್ತು ಎಳೆದು ಹೇಳಿದ: "ನಿಮ್ಗೂ ಗೊತ್ತಿತ್ತ್. ಹಿಂದಿನ್ ಸೀಟಂಗೆ ಕೂಕಂಡ್ ಬತ್ತಿದ್ರಿ ಅಲ್ದಾ?"

ಒಳಕೋಣೆಯ ಕೂಗು ಈಗ ಎಲ್ಲರಿಗೂ ಕೇಳಿಸುತ್ತಿತ್ತು.

ಉಮಾವತಿ ಒಳಗೆ ಹೋಗಿ ಕಂಬಳಿ ಬಿಚ್ಚಿ ಯಂತ್ರವನ್ನು ಎತ್ತಿಕೊಂಡು ಬಂದಳು. ಗಂಡನ ತಲೆಯ ಬಳಿ, ಬೆಂಚಿನ ಮೇಲಿಟ್ಟಳು.

"ಇದನ್ನ ಆರ್ಸಿ. ಆಮೇಲೇ ಚಟ್ಟ ಎತ್ತುವ."

"ನಂಗೆ ಅದೆಲ್ಲ ಗೊತ್ತಾತಿಲ್ಲೆ ಮಾರಾಯ್ತಿ."

"ನಾ ಹೇಳ್ಕೊಡ್ತೆ. ಹಿಂದ್ಗಡಿ ಗುಂಡಿ. ಒತ್ತಿ ಹಿಡ್ಕಣಿ. ಪಟ್ಟಿ ತುಂಬುವರಿಗೆ ಬಿಡೂಕಾಗ."

"ನೀನೇ ಒಂಚೂರ್..."

"ನಳಿಗೆ ನಾನ್ ತೆಗ್ದೆ. ಇದ್ ನಿಮ್ದ್."

ನೆಂಟರು ನೋಡುತ್ತಿದ್ದರು. ಭೋಜರಾಜ ಬಗ್ಗಿ ಬೆರಳಿಟ್ಟು ಒತ್ತಿದ. ಕೂಗು ನಿಂತಿತು. ಪರದೆಯ ಮೇಲೆ ಹಸಿರು ಪಟ್ಟಿ ಎಡದಿಂದ ಮೆಲ್ಲಗೆ ತುಂಬತೊಡಗಿತು. ಅರ್ಧ ತುಂಬಿರಬೇಕು. ಹಗ್ಗ ಬಿಗಿಯುವಾಗ ಜಾರಿದ್ದ ಶಾಲಿನ ಅಂಚಿನಲ್ಲಿ, ತಮ್ಮನ ಕುತ್ತಿಗೆಯ ತೂತು ಅವನ ಕಣ್ಣ ನೇರಕ್ಕೇ ಇತ್ತು.

ಬೆರಳು ಮೇಲೆದ್ದಿತು. ಪಟ್ಟಿ ಬರಿದಾಯಿತು. ಯಂತ್ರ ಮತ್ತೆ ಕಿರುಚಿತು.

"ಇನ್ನೊಂದ್ ಸಲ," ಎಂದಳು ಉಮಾವತಿ.

ಚಟ್ಟ ಎತ್ತಲು ಬಗ್ಗಿದ್ದ ಶೀನ ಕೈ ತೆಗೆದು ನೆಟ್ಟಗೆ ನಿಂತ. ಹೊರಲು ಬಂದಿದ್ದ ಉಳಿದ ಮೂವರೂ ಕೈ ತೆಗೆದರು.